ಅಡಿಕೆ ಪಾಲಿಹೌಸ್‌ನಲ್ಲಿ ಸೌದೆ ಒಣಗಿಸಿದ್ದು – ನನ್ನ ಅನುಭವ

ಈ ಸಲ ಆರಿದ್ರೆಯಿಂದ ಆಶ್ಲೇಷ ಮುಗಿಯೋ ತನಕ ನಮ್ಮನೆ ಹಾಲ್‌ನ ಒಲೆ ಹೊಗೆ ಕಾರದೆ ಉರೀತು. ಗೋಡೆಗೆ ಬೂಷ್ಟು ಹಿಡೀಲಿಲ್ಲ, ರಾತ್ರಿ ಹರವಿದ ಬಟ್ಟೆ ಬೆಳಗ್ಗೆಗೆ ಒಣಗ್ತಿತ್ತು. ಪಾಲಿಹೌಸ್‌ನಲ್ಲಿ (ಅಡಿಕೆ ಒಣಗಿಸೋಕೆ ಪ್ಲಾಸ್ಟಿಕ್ ಶೀಟ್ ಹೊದಿಸಿದ ಮನೆ) ಸೌದೆ ಒಣಗಿಸ್ತೀನಿ ಅಂದಿದ್ದಕ್ಕೆ ಹೋದ ವರ್ಷ ನಕ್ಕವರೇ ಈಗ ಫೋನ್ ಮಾಡಿ ಹೇಗೆ ಮಾಡಿದೆ ಅಂತ ಕೇಳ್ತಿದಾರೆ, ಒಬ್ಬೊಬ್ಬರಿಗೂ ಹೇಳಿ ಸಾಕಾಯ್ತು, ಅದಕ್ಕೆ ಬರೀತಿದೀನಿ.

ನಮ್ಮದು ಕೊಪ್ಪದ ಕಡೆ, ಹಂಚಿನ ಮನೆ, ಸ್ವಲ್ಪ ಅಡಿಕೆ ಸ್ವಲ್ಪ ಕಾಫಿ. ಹಾಲ್‌ಗೆ ಕಬ್ಬಿಣದ ಒಲೆ ಮಾಡಿಸಿ ನಾಲ್ಕೈದು ವರ್ಷ ಆಯ್ತು. ಕಂಪನಿ ಒಲೆ ರೇಟು ಕೇಳಿದ್ರೆ ಲಕ್ಷದ ಮೇಲೆ ಮಾತಾಡ್ತಾರೆ, ನಾನು ಪೇಟೆಯ ವೆಲ್ಡಿಂಗ್ ಶಾಪ್‌ನಲ್ಲಿ ದಪ್ಪ ಶೀಟ್ ಹಾಕಿಸಿ, ಒಳಗೆ ಫೈರ್ ಬ್ರಿಕ್ ಕೂರಿಸಿ, ಆರಿಂಚು ಪೈಪ್ ಸಮೇತ ಇಪ್ಪತ್ತೆಂಟು ಸಾವಿರದೊಳಗೆ ಮುಗಿಸಿದೆ. ಒಲೆ ಚೆನ್ನಾಗೇ ಇತ್ತು, ಸೌದೆ ಸರಿ ಇರಲಿಲ್ಲ. ಮೊದಲ ಮಳೆಗಾಲ ಪಿಕಪ್‌ನಲ್ಲಿ ಸೌದೆ ತರಿಸಿದ್ದು, ಟನ್ನಿಗೆ ಮೂರೂವರೆಯೋ ನಾಲ್ಕೋ ಸಾವಿರ, "ಒಣಗಿದ್ದೇ ಸಾರ್" ಅಂತ ಇಳಿಸಿ ಹೋದ. ಒಲೆಗೆ ಹಾಕಿದ್ರೆ ತುದೀಲಿ ನೊರೆ ಬರ್ತಿತ್ತು, ಚುಯ್ ಅಂತ ಸದ್ದು. ಟನ್ನಿನಲ್ಲಿ ಮುನ್ನೂರು ನಾನೂರು ಕೆಜಿ ನೀರಿಗೇ ದುಡ್ಡು ಕೊಟ್ಟಿದ್ದು ಅಂತ ಲೆಕ್ಕ. ಜುಲೈ ಕೊನೆಗೆ ಪೈಪಿನ ಜಾಯಿಂಟ್‌ಗಳಿಂದ ಡಾಂಬರಿನ ತರ ಕಪ್ಪು ರಸ ಇಳಿದು ರೆಡ್ ಆಕ್ಸೈಡ್ ನೆಲದ ಮೇಲೆ ಕಲೆ, ಅದು ಇವತ್ತಿಗೂ ಹೋಗಿಲ್ಲ. ಪೈಪ್ ಜೋಡಿಸಿದವನು ಕೆಳಗಿನದ್ದನ್ನ ಮೇಲಿನದರ ಒಳಗೆ ತೂರಿಸಿದ್ದ. ಮೇಲಿನ ಪೈಪಿನ ತುದಿ ಕೆಳಗಿನದರ ಒಳಗೆ ಕೂರಬೇಕು, ಆಗ ರಸ ಇಳಿದ್ರೂ ಒಳಗೇ ಇಳಿದು ಒಲೇಲಿ ಸುಟ್ಟುಹೋಗತ್ತೆ. ನೀವು ಮಾಡಿಸೋದಾದ್ರೆ ಎದುರಿಗೇ ನಿಂತು ಮಾಡಿಸಿ.

ಎರಡನೇ ವರ್ಷ ನಮ್ಮದೇ ಮರಗಸಿ (ಕಾಫಿ ತೋಟದ ನೆರಳಿನ ಮರದ ಕೊಂಬೆ ಕಡಿಯೋದು) ಸೌದೆ. ಮರಗಸಿ ಆಗೋದು ಮಳೆ ಹತ್ತಿರ ಬಂದಾಗ, ಒಣಗೋಕೆ ಟೈಮೆಲ್ಲಿ? ಕೊಟ್ಟಿಗೆ ಮಾಡಿನ ಕೆಳಗೆ ಪೇರಿಸಿಟ್ಟು ಟಾರ್ಪಾಲ್ ಮುಚ್ಚಿದೆ, ಅಷ್ಟೂ ಅಣಬೆ ಎದ್ದಿತು. ಮರಗಸಿ ಸೌದೆ ಆ ವರ್ಷಕ್ಕಲ್ಲ, ಮುಂದಿನ ವರ್ಷಕ್ಕೆ ಅಂತ ಇಟ್ಕೊಳ್ಳಿ. ಆ ವರ್ಷ ಕರೆಂಟ್ ಹೀಟರೂ ತಂದಿದ್ದೆ, ಜೋರು ಮಳೇಲಿ ವಾರಗಟ್ಟಲೆ ಕರೆಂಟೇ ಇಲ್ಲ, ಅದು ಅಟ್ಟ ಸೇರಿತು.

ಆಮೇಲೆ ಹೊಳೆದಿದ್ದು ಅಡಿಕೆ ಒಣಗಿಸೋ ಪಾಲಿಹೌಸ್. ಕಾಳುಮೆಣಸು ಮುಗಿದ ಮೇಲೆ ಏಪ್ರಿಲ್ ಮೇ ಎರಡು ತಿಂಗಳು ಸುಮ್ನೆ ಖಾಲಿ ಬಿದ್ದಿರತ್ತೆ, ಒಳಗೆ ಮಧ್ಯಾಹ್ನ ಐವತ್ತು ಡಿಗ್ರಿ ದಾಟತ್ತೆ. ದೊಡ್ಡಪ್ಪ ನೋಡಿ "ಎಂತ ಮಾರಾಯ, ಅಡಿಕೆ ಮನೇಲಿ ಸೌದೆ ತುಂಬ್ತೀಯ, ಗೆದ್ದಲು ಕರ್ಕೊಂಡ್ ಬರ್ತೀಯ ನೋಡು" ಅಂದ್ರು. ಗೆದ್ದಲು ಬರಲಿಲ್ಲ, ನೆಲಕ್ಕೆ ಅಡಿಕೆ ದಬ್ಬೆ ಅಡ್ಡ ಹಾಕಿ ಅದರ ಮೇಲೆ ಪೇರಿಸಿದ್ದೆ. ಆದ್ರೆ ಮೊದಲ ಸಲ ಬಿಸಿ ನಿಲ್ಲಲಿ ಅಂತ ಎರಡೂ ಕಡೆ ಬಾಗಿಲು ಹಾಕಿದ್ದಕ್ಕೆ ಬೆಳಗ್ಗೆ ಶೀಟಿನಿಂದ ತೊಟತೊಟ ನೀರು, ಸೌದೆ ಮೇಲೆಲ್ಲ ಬಿಳಿ ಬೂಷ್ಟು. ಆವಿ ಹೊರಗೆ ಹೋಗಲೇಬೇಕು. ಈಗ ಎಷ್ಟು ಹೊತ್ತಿಗೆ ಯಾವ ಬಾಗಿಲು ತೆಗೀತೀನಿ, ರಾತ್ರಿ ಏನು ಮಾಡ್ತೀನಿ ಅನ್ನೋದು ನನ್ನ ಗುಟ್ಟು, ಮನೆಗೆ ಬಂದವರಿಗೆ ತೋರಿಸ್ತೀನಿ, ಇಲ್ಲಿ ಬರೆಯಲ್ಲ.

ಕ್ರಮ ಇಷ್ಟೇ. ಜನವರೀಲಿ ಸಿಲ್ವರ್ ಓಕ್ ಕಡಿಸೋದು (ಪರ್ಮಿಷನ್ ತಂಟೆ ಇಲ್ಲ), ಶಿವರಾತ್ರಿ ಒಳಗೆ ಒಂದೂವರೆ ಅಡಿ ಉದ್ದಕ್ಕೆ ಕೊಯ್ದು ಸೀಳೋದು, ಗಾಳಿ ಆಡೋ ಕಡೆ ಮಾರ್ಚ್ ಕಳೆಯೋದು, ಏಪ್ರಿಲ್‌ಗೆ ಪಾಲಿಹೌಸ್ ಒಳಗೆ, ರೋಹಿಣಿ ಮಳೆ ಹನಿಯೋ ಮುಂಚೆ ಸೌದೆ ಇಡೋ ಮನೆಗೆ. ಸೀಳೋದು ಮುಖ್ಯ, ಮುಂಗೈ ದಪ್ಪಕ್ಕಿಂತ ಜಾಸ್ತಿ ಬೇಡ, ಸೀಳದ ಇಡೀ ದಿಮ್ಮಿ ಎರಡು ವರ್ಷ ಇಟ್ರೂ ಒಳಗೆ ಹಸೀನೇ.

ಸಾವಿರ ಚಿಲ್ಲರೆಗೆ ತೇವ ಅಳೆಯೋ ಮಾಯಿಶ್ಚರ್ ಮೀಟರ್ ಸಿಗತ್ತೆ, ತಗೊಳ್ಳಿ, ಆದ್ರೆ ಹೊರಗಿನ ಮೈಗೆ ಚುಚ್ಚಿ ಖುಷಿ ಪಡಬೇಡಿ. ಒಂದು ತುಂಡು ಹೊರಗೆ ಹದಿನಾರು ಪರ್ಸೆಂಟ್ ತೋರಿಸ್ತು, ಅಲ್ಲೇ ಕೊಡಲೀಲಿ ಸೀಳಿ ಒಳಮೈಗೆ ಚುಚ್ಚಿದ್ರೆ ಮೂವತ್ತೊಂದು! ಪಾಲಿಹೌಸ್‌ನಿಂದ ಬಂದಿದ್ದು ಒಳಗೂ ಹದಿಮೂರು ಹದಿನಾಲ್ಕು. ಜುಲೈ ಬರೋ ಹೊತ್ತಿಗೆ ಅದೇ ಸೌದೆ ಗಾಳಿಯ ತೇವ ಎಳ್ಕೊಂಡು ಹತ್ತೊಂಬತ್ತಕ್ಕೆ ಏರತ್ತೆ, ಮಲೆನಾಡಲ್ಲಿ ಅದನ್ನ ತಪ್ಪಿಸೋಕಾಗಲ್ಲ, ಅದಕ್ಕೆ ಎರಡು ಮೂರು ದಿನದ್ದು ಮಾತ್ರ ಒಳಗೆ ತಂದು ಒಲೆಯಿಂದ ಮೂರಡಿ ದೂರ ಇಡ್ತೀನಿ. ಮೀಟರ್ ಇಲ್ದೆ ಇದ್ರೆ ಎರಡು ತುಂಡು ಬಡಿದು ನೋಡಿ, ಹಸಿ ಆದ್ರೆ ದಬ್ ಅನ್ನತ್ತೆ, ಒಣಗಿದ್ರೆ ಟಣ್.

ಯಾವ ಮರ ಅಂದ್ರೆ, ಸಿಲ್ವರ್ ಬೇಗ ಹತ್ತಿ ಬೇಗ ಬೂದಿ, ಸಂಜೆ ಒಲೆ ಹೊತ್ತಿಸೋಕೆ ಸರಿ. ರಾತ್ರಿಗೆ ಕಾಫಿ ಬೊಡ್ಡೆ. ಗಟ್ಟಿ, ಸಣ್ಣದು, ಸೀಳೋ ಕೆಲಸ ಕಮ್ಮಿ, ಬೆಳಗ್ಗೆವರೆಗೂ ಕೆಂಡ ಇರತ್ತೆ. ಜಂಬೆ, ಮತ್ತಿ ಗಾಳಿಗೆ ಬಿದ್ದಿದ್ದು ಸಿಕ್ರೆ ಅದೃಷ್ಟ, ಗ್ಲಿರಿಸಿಡಿಯನ ಜನ ಗೊಬ್ಬರದ ಗಿಡ ಅಂತ ತಾತ್ಸಾರ ಮಾಡ್ತಾರೆ, ಒಣಗಿದ್ರೆ ಅದೂ ಬಂಗಾರ. ಹಾಲವಾಣ, ಬೂರುಗ ಮುಟ್ಟಲೂಬೇಡಿ. ಹೊಲಗೇರು ಅಂತೂ ಮನೆ ಹತ್ತಿರಕ್ಕೂ ತರಬೇಡಿ, ಸೊನೆ ತಾಗಿದ್ರೆ ಮೈಯೆಲ್ಲ ಬೊಬ್ಬೆ, ಹೊಗೇನೂ ಒಳ್ಳೇದಲ್ಲ.

ಕಾಫಿ ಸೌದೇಲಿ ಒಂದು ಅಪಾಯ ಇದೆ. ಬೋರರ್ (ಕಾಂಡ ಕೊರೆಯೋ ಹುಳ) ಬಿದ್ದು ಕಿತ್ತ ಅರೇಬಿಕಾ ಕಾಫಿ ಗಿಡಾನ ಹಾಗೇ ಪೇರಿಸಿಟ್ರೆ ಒಳಗಿರೋ ಹುಳ ದುಂಬಿಯಾಗಿ ಹೊರಟು ತೋಟಕ್ಕೇ ವಾಪಸ್. ಒಂದೋ ತಕ್ಷಣ ಸುಡಬೇಕು, ಇಲ್ಲಾ ಸೌದೆಗೆ ಬೇಕು ಅಂದ್ರೆ ಒಂದು ವಾರ ಹತ್ತು ದಿನ ನೀರಲ್ಲಿ ಮುಳುಗಿಸಿಡಬೇಕು. ನಾನು ಕೆರೇಲಿ ಕಲ್ಲು ಹೇರಿ ಮುಳುಗಿಸಿದೆ. ನೀರಲ್ಲಿ ನೆನೆದಿದ್ದು ಒಣಗೋಕೆ ಹೆಚ್ಚೇನೂ ತಡ ಆಗಲಿಲ್ಲ, ಅದೇ ಆಶ್ಚರ್ಯ.

ನಡುವೆ ಕಾಫಿ ಹೊಟ್ಟಿಗೆ ಸಗಣಿ ಕಲಸಿ ಉಂಡೆ ಕಟ್ಟಿ ಸುಟ್ಟು ನೋಡಿದೆ, ಮನೆಯವಳು ಇನ್ನೊಂದು ಸಲ ಮಾಡಿದ್ರೆ ನೀವೇ ಕೊಟ್ಟಿಗೇಲಿ ಮಲಕ್ಕೊಳ್ಳಿ ಅಂದಳು, ಅಲ್ಲಿಗೆ ಬಿಟ್ಟೆ. ತೆಂಗಿನ ಕರಟ ಸ್ವಲ್ಪ ಹಾಕಿದ್ರೆ ಉರಿ ಜೋರು, ಜಾಸ್ತಿ ಹಾಕಿದ್ರೆ ಪೈಪ್ ಕೆಂಪಗಾಗತ್ತೆ, ಹುಷಾರು. ಇನ್ನು ಬಾಣಲೇಲಿ ಕೆಂಡ ಇಟ್ಕೊಂಡು ರೂಮ್ ಬಾಗಿಲು ಹಾಕಿ ಮಲಗೋರು ಈಗಲೂ ಇದಾರೆ, ದಯವಿಟ್ಟು ಬೇಡ, ಕೆಂಡದಿಂದ ಬರೋ ವಿಷಗಾಳಿಗೆ ವಾಸನೇನೂ ಇಲ್ಲ, ಏಳೋದೇ ಇಲ್ಲ.

ಮೊದಲೆಲ್ಲ ಮಳೆಗಾಲಕ್ಕೆ ನಾಲ್ಕೂವರೆ ಐದು ಟನ್ ಸುಡ್ತಿದ್ವಿ, ಈ ಸಲ ಮೂರು ದಾಟಲಿಲ್ಲ. ಸೀಳಿದ್ದು, ಹೊತ್ತಿದ್ದು ಕೂಲಿ ಸೇರಿ ಆರೇಳು ಸಾವಿರ ಬಿದ್ದಿರಬಹುದು. ಪೈಪ್ ಬಿಚ್ಚಿ ನೋಡಿದ್ರೆ ಒಣ ಮಸಿ ಮಾತ್ರ, ಬ್ರಷ್ ಹಾಕಿದ್ರೆ ಉದುರತ್ತೆ. ಮುಂದಿನ ವರ್ಷಕ್ಕೆ ದೊಡ್ಡಪ್ಪನ ಪಾಲಿಹೌಸೂ ಬೇಕು ಅಂತ ಕೇಳಿದೀನಿ, ನನ್ನದಕ್ಕಿಂತ ದೊಡ್ಡದು. ಬಾಡಿಗೆ ಬೇಡ, ಎರಡು ಪಿಕಪ್ ಒಣ ಸೌದೆ ಕೊಡು ಅಂತಿದಾರೆ. ನಾನು ಒಂದು ಅಂದಿದೀನಿ, ಮಾತುಕತೆ ನಡೀತಿದೆ.