ಮೂರು ಗಂಟೆಯ ಮಂಪರು ಮತ್ತು ಬಿಟ್ಟುಹೋದ ತಪ್ಪುಗಳು

ಕರಡು ತಿದ್ದುವವರು ತಮ್ಮ ತಲೆ ತಿಳಿಯಾಗಿದೆಯೇ ಎಂದು ಯಾರನ್ನೂ ಕೇಳಬೇಕಿಲ್ಲ. ಎರಡನೇ ಕರಡಿನಲ್ಲಿ ಸಿಕ್ಕ ತಪ್ಪುಗಳಲ್ಲಿ ಮೊದಲ ಓದಿಗೇ ಸಿಗಬೇಕಿದ್ದವು ಎಷ್ಟು ಎಂದು ಎಣಿಸಿದರೆ ಆಯಿತು. ನನ್ನ ಲೆಕ್ಕದಲ್ಲಿ 16 ಪುಟದ ಒಂದು ಫಾರಮಿಗೆ 9-10 ಬಿಟ್ಟುಹೋಗುತ್ತಿದ್ದವು. ಈಗ 2, ಹೆಚ್ಚೆಂದರೆ 3. ‘ಹಗಲು ಮಲಗೋರ ಕೈಗೆ ಕರಡು ಕೊಟ್ಟರೆ ಆದ ಹಾಗೇ’ ಎಂದು ನಕ್ಕವರೇ ಈಗ ವಿಧಾನ ಕೇಳುತ್ತಿರುವುದರಿಂದ ಇಷ್ಟು ಬರೆಯುತ್ತಿದ್ದೇನೆ.

ಮೊದಲ ಕೆಲಸ, ಓದಿದ ಹೊತ್ತನ್ನು ಪ್ರತಿ ಪುಟದ ಮೂಲೆಯಲ್ಲಿ ಪೆನ್ಸಿಲಿನಿಂದ ಬರೆಯುವುದು. ಮೂರು ವಾರ, ಸುಮಾರು 40 ಫಾರಂ. ಬಿಟ್ಟುಹೋದ ತಪ್ಪುಗಳಲ್ಲಿ ಮುಕ್ಕಾಲು ಪಾಲು ಮಧ್ಯಾಹ್ನ ಎರಡೂವರೆಯಿಂದ ನಾಲ್ಕರೊಳಗೆ ಓದಿದ ಪುಟಗಳವು. ‘ಅಸ್ಥಿ ವಿಸರ್ಜನೆ’ಯು ‘ಆಸ್ತಿ ವಿಸರ್ಜನೆ’ಯಾಗಿ ದಾಟಿಹೋದದ್ದು ಮೂರೂ ಹತ್ತಕ್ಕೆ. ಮಂಪರು ಹತ್ತಿದಾಗ ಕಣ್ಣು ಅಕ್ಷರ ಬಿಟ್ಟು ಅರ್ಥವನ್ನು ಓದಿಕೊಂಡು ಹೋಗುತ್ತದೆ. ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಿಂದ ಯೂನಿಕೋಡಿಗೆ ಬಂದ ಕಡತಗಳಲ್ಲಂತೂ ಅರ್ಕಾವೊತ್ತು ಪಕ್ಕದ ಅಕ್ಷರಕ್ಕೆ ಜಾರಿರುತ್ತದೆ, ಅನುಸ್ವಾರದ ಜಾಗದಲ್ಲಿ ಅಂಕಿಯ ಸೊನ್ನೆ ಕೂತಿರುತ್ತದೆ. ಅದು ನಿದ್ದೆಗಣ್ಣಿಗೆ ಕಾಣುವ ವಸ್ತುವಲ್ಲ.

ದುಡ್ಡು ಹೋದ ದಾರಿ ಹೇಳಿಬಿಡುತ್ತೇನೆ. ಬ್ರಾಹ್ಮಿ ಮಾತ್ರೆ ಎರಡು ತಿಂಗಳು, 1,200 ರೂಪಾಯಿ. ತಪ್ಪಿನ ಲೆಕ್ಕ ಅಲುಗಲಿಲ್ಲ. ಸದ್ದು ತಡೆಯುವ ಹೆಡ್‌ಫೋನ್ 4,500. ಬೀದಿಯ ಗಲಾಟೆ ನಿಂತಿತು, ನಿದ್ದೆ ಇನ್ನೂ ಬೇಗ ಬಂತು. ಧ್ಯಾನದ ಆ್ಯಪಿಗೆ ವರ್ಷದ ಚಂದಾ 1,500ರ ಹತ್ತಿರ. ಅದನ್ನು ತೆರೆಯಲು ಫೋನ್ ಹಿಡಿಯಬೇಕು, ಹಿಡಿದರೆ ವಾಟ್ಸಾಪ್. ಪುಟಕ್ಕೆ 12 ರೂಪಾಯಿಯಂತೆ 600 ಪುಟದ ಕೂಲಿ ಹೀಗೆ ಹೋಯಿತು.

ಫಲ ಕೊಟ್ಟದ್ದು ಊಟ, ಕಾಫಿ, ನಿದ್ದೆ ಈ ಮೂರರ ಸರದಿ. ಒಂದೂಕಾಲಿಗೆ ಊಟ, ಅನ್ನ ಮಾಮೂಲಿನ ಅರ್ಧ. ಆಮೇಲೆ 10 ನಿಮಿಷ ನಡಿಗೆ. ಎರಡಕ್ಕೆ ಐದು ನಿಮಿಷವಿದ್ದಾಗ ಅರ್ಧ ಲೋಟ ಸ್ಟ್ರಾಂಗ್ ಕಾಫಿ ಕುಡಿದು ತಕ್ಷಣ ಕಣ್ಣು ಮುಚ್ಚುವುದು, 20 ನಿಮಿಷಕ್ಕೆ ಅಲಾರಂ. ಕಾಫಿ ಕುಡಿದು ಮಲಗುವುದೇ ಎಂದು ಎಲ್ಲರೂ ನಗುವುದು ಇಲ್ಲೇ. ಕೆಫೀನ್ ಕೆಲಸ ಶುರುಮಾಡಲು 20-30 ನಿಮಿಷ ಬೇಕು, ಅಲಾರಂ ಹೊಡೆಯುವ ಹೊತ್ತಿಗೆ ಸರಿಯಾಗಿ ಬಂದು ಮುಟ್ಟುತ್ತದೆ. ಹಾಸಿಗೆ ಬೇಡ, ಈಜಿ ಚೇರ್ ಸಾಕು. ಹಾಸಿಗೆಯಲ್ಲಿ 20 ಹೋಗಿ 45 ಆಗುತ್ತದೆ, ಗಾಢ ನಿದ್ದೆಗೆ ಇಳಿದು ಎದ್ದರೆ ನಾಲ್ಕೂವರೆಯ ತನಕ ತಲೆ ಹಿಟ್ಟು. ಆರೇಳು ದಿನ ಹೀಗೆ ಹಾಳಾದ ಮೇಲೆಯೇ ಕುರ್ಚಿಗೆ ಬಂದದ್ದು. ನಿದ್ದೆ ಹತ್ತದಿದ್ದರೂ ಕಣ್ಣು ಮುಚ್ಚಿಕೊಂಡೇ ಇರಬೇಕು. ಎದ್ದ ಕೂಡಲೇ ಓದಲು ಕೂರಬಾರದು; ಮೊದಲ 10 ನಿಮಿಷ ಪುಟಸಂಖ್ಯೆ, ತಲೆಬರಹ, ಪ್ಯಾರಾ ಅಂಚು ನೋಡಿ ಮುಗಿಸಿಕೊಳ್ಳುವುದು.

ಕಾಫಿಪುಡಿಯ ಪಾಲು ಇಲ್ಲಿ ಮುಖ್ಯ. ಚಿಕೋರಿಯಲ್ಲಿ ಕೆಫೀನ್ ಇಲ್ಲ. 60:40 ಪುಡಿಯಲ್ಲಿ (ಕಾಫಿ 60, ಚಿಕೋರಿ 40) ಡಿಕಾಕ್ಷನ್ ಕಪ್ಪಗೆ ಗಟ್ಟಿಯಾಗಿ ಇಳಿಯುತ್ತದೆ, ಕೆಲಸ ಅಷ್ಟಕ್ಕಷ್ಟೇ. ನಾನು 85:15ಕ್ಕೆ ಬಂದೆ, ಲೋಟ ಸಣ್ಣದು ಮಾಡಿದೆ. ರೊಬಸ್ಟಾದಲ್ಲಿ ಅರೇಬಿಕಾದ ಹೆಚ್ಚುಕಡಿಮೆ ಎರಡರಷ್ಟು ಕೆಫೀನ್ ಇರುವುದರಿಂದ ಅಂಗಡಿಯಲ್ಲಿ ಯಾವ ಬೀಜ ಎಂದು ಕೇಳಿಯೇ ಪುಡಿ ಮಾಡಿಸಬೇಕು. (ಪೀಬೆರಿ ಎಂದು ಹೆಚ್ಚು ದುಡ್ಡು ಕೊಡುವವರಿಗೆ: ಅದು ಕಾಯಿಯೊಳಗೆ ಒಂದೇ ಬೀಜ ದುಂಡಗೆ ಕಟ್ಟಿದ್ದು, ಅಷ್ಟೇ.) ಮೂರರ ಮೇಲೆ ಕಾಫಿ ಇಲ್ಲ. ಕುಡಿದ ಕೆಫೀನ್ ಸುಮಾರು ಐದು ತಾಸಿನಲ್ಲಿ ಅರ್ಧವಷ್ಟೇ ಇಳಿಯುತ್ತದೆ. ಸಂಜೆ ಆರಕ್ಕೆ ಕುಡಿದರೆ ಹನ್ನೊಂದಕ್ಕೂ ಅರ್ಧ ಒಳಗಿರುತ್ತದೆ, ಮರುದಿನದ ಬೆಳಗು ಕೆಡುತ್ತದೆ.

ನಡುವೆ ಅನ್ನದ ಬದಲು ಮುದ್ದೆಯನ್ನೂ ಹತ್ತು ದಿನ ನೋಡಿದೆ. ದೊಡ್ಡ ಮುದ್ದೆ ನುಂಗಿದ ದಿನ ಅನ್ನದಷ್ಟೇ ಮಂಪರು, ಸಣ್ಣದಾದರೆ ಇಲ್ಲ. ಧಾನ್ಯಕ್ಕಿಂತ ಅಳತೆಯದೇ ಆಟ ಅನ್ನಿಸಿತು. ಹಸಿರು ಶಾಯಿಯಲ್ಲಿ ತಿದ್ದಿ ನೋಡಿದೆ, ಏನೂ ಇಲ್ಲ, ಡಿಟಿಪಿಯವರು ಬೈದರು.

ಇನ್ನೊಂದು ಅಭ್ಯಾಸ ಅನುಮಾನದ ಚೀಟಿ. ‘ಕೆರೆಯೇರಿ’ ಕೂಡಿಸುವುದೋ ಬಿಡಿಸುವುದೋ ಎಂಬಂಥದ್ದು ಬಂದರೆ ಅಲ್ಲೇ ನಿಘಂಟು ತೆರೆಯಬಾರದು, ಫೋನಂತೂ ಬೇಡವೇ ಬೇಡ. ಅಂಚಿನಲ್ಲಿ ಓರೆ ಗೀಟು, ಚೀಟಿಯಲ್ಲಿ ಪುಟಸಂಖ್ಯೆ ಮತ್ತು ಪದ. ಫಾರಂ ಮುಗಿದ ಮೇಲೆ ಒಟ್ಟಿಗೆ ನೋಡುವುದು. ಫಾರಮಿಗೆ 12-15 ಅನುಮಾನ ಬರುತ್ತವೆ, ಅರ್ಧ ತಾವೇ ಬಗೆಹರಿದಿರುತ್ತವೆ. ಸಂಜೆ ಕೆಲಸ ನಿಲ್ಲಿಸುವಾಗ ನಿಂತ ಸಾಲನ್ನೂ ಇದೇ ಚೀಟಿಯಲ್ಲಿ ಬರೆದಿಟ್ಟರೆ ರಾತ್ರಿ ಅದು ತಲೆಯಲ್ಲಿ ಸುತ್ತುವುದಿಲ್ಲ. ಎರಡನೇ ಓದಿಗೆ ಪುಟಗಳನ್ನು ಯಾವ ಕ್ರಮದಲ್ಲಿ ಎತ್ತಿಕೊಳ್ಳುತ್ತೇನೆ ಎಂಬುದನ್ನು ಹೇಳುವುದಿಲ್ಲ, ಅದು ಹೊಟ್ಟೆಪಾಡು.

ಇಸವಿ, ಕೋಷ್ಟಕ, ಪದಸೂಚಿ ಇವು ಬೆಳಗ್ಗೆ ಹನ್ನೊಂದರೊಳಗೇ ಮುಗಿಯಬೇಕು. ಮುಖಪುಟದ ಕರಡೂ ಅಷ್ಟೇ. ದೊಡ್ಡ ಅಕ್ಷರವನ್ನು ಯಾರೂ ಓದುವುದಿಲ್ಲ, ನೋಡುತ್ತಾರೆ. ಸಂಜೆ ‘ಅರ್ಜೆಂಟ್, ಬರೀ ಕವರ್ ಸಾರ್’ ಎಂದು ಫೋನ್ ಬಂದರೆ ನಾಳೆ ಒಂಬತ್ತಕ್ಕೆ ಎನ್ನುತ್ತೇನೆ. ಬೆಳಗ್ಗೆ ಅದನ್ನು ತಲೆಕೆಳಗಾಗಿ ಹಿಡಿದು, ಒಂದೊಂದೇ ಅಕ್ಷರದ ಮೇಲೆ ಪೆನ್ಸಿಲ್ ಇಟ್ಟು, ಪುಸ್ತಕದ ಬೆನ್ನಿನಿಂದ ಶುರುಮಾಡುತ್ತೇನೆ.