ಸಹಾರಾದಲ್ಲಿ ಹಿಂದೆ ಬಿದ್ದವನು ನಾನೇ

ನಮ್ಮ ಮೂವರಲ್ಲಿ ಯಾರಾದರೂ ಅರ್ಧಕ್ಕೆ ಕೈಬಿಟ್ಟರೆ ಅದು ನಾನಂತೂ ಅಲ್ಲ ಅಂತ ಹೊರಡುವ ಮುಂಚೆ ನನಗೆ ಗ್ಯಾರಂಟಿ ಇತ್ತು. ಊರು ದಾವಣಗೆರೆ, ಕೆಲಸ ದುಬೈನಲ್ಲಿ, ಆಗ ವಯಸ್ಸು 41. ಏಳು ಮ್ಯಾರಥಾನ್ ಓಡಿದ್ದೆ ಅನ್ನುವ ಜಂಬ ಬೇರೆ. ಜೊತೆಗಾರರಲ್ಲಿ ಒಬ್ಬ ಮಂಗಳೂರಿನವನು. ಓಟಕ್ಕಿಂತ ಊಟದ ಮೇಲೇ ಅವನಿಗೆ ಪ್ರೀತಿ. ಇನ್ನೊಬ್ಬಳು ಕಾಸರಗೋಡಿನ ನರ್ಸ್, ನೈಟ್ ಶಿಫ್ಟ್ ಮುಗಿಸಿ ನೇರ ಪ್ರಾಕ್ಟೀಸಿಗೆ ಬರುತ್ತಿದ್ದಳು.

ನಾವು ಹೋಗಿದ್ದು ಮೊರಾಕ್ಕೋದ ಮ್ಯಾರಥಾನ್ ದೆ ಸಾಬ್ಲ್‌ಗೆ. ಹೆಸರಿನ ಅರ್ಥ ಮರಳಿನ ಮ್ಯಾರಥಾನ್. ಆದರೆ ಮಾಮೂಲಿ ಮ್ಯಾರಥಾನ್ 42 ಕಿಲೋಮೀಟರ್, ಇದರ ದೂರ ಸುಮಾರು 250, ಆರು ಹಂತದಲ್ಲಿ. ಪ್ಯಾಟ್ರಿಕ್ ಬೌವರ್ ಎಂಬ ಫ್ರೆಂಚ್ ಮನುಷ್ಯ 1984ರಲ್ಲಿ ಅಲ್ಜೀರಿಯಾದ ಸಹಾರಾದಲ್ಲಿ 12 ದಿನ ಒಬ್ಬನೇ ನಡೆದ. ಆ ಹುಚ್ಚು ಬಿಡಲಿಲ್ಲ, 1986ರಲ್ಲಿ ಇದನ್ನು ಶುರು ಮಾಡಿದ. ಮೊದಲ ಸಲ ಬಂದವರು ಬರೀ 23 ಜನ. ಆಗ ಸಂಘಟಕರು ಕೊಡುತ್ತಿದ್ದುದು ಅಳತೆಯ ನೀರು, ಮಲಗಲು ಒಂದು ಗುಡಾರ. ಊಟ, ಸ್ಲೀಪಿಂಗ್ ಬ್ಯಾಗ್, ದಿಕ್ಸೂಚಿ, ಹಾವು ಚೇಳು ಕಚ್ಚಿದರೆ ವಿಷ ಎಳೆಯುತ್ತದೆ ಅನ್ನುವ ಪಂಪು, ಎಲ್ಲ ನಮ್ಮ ಬೆನ್ನ ಮೇಲೆ. ನೀರು ಬಿಟ್ಟು ಚೀಲದ ತೂಕ 6.5ರಿಂದ 15 ಕಿಲೋ ಒಳಗಿರಬೇಕು.

ದುಬೈನಲ್ಲಿದ್ದರೆ ಒಂದು ಲಾಭ ಉಂಟು. ಮರಳು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅಲ್ ಕುದ್ರಾ ಕಡೆಯ ದಿಬ್ಬಗಳಲ್ಲಿ ಚೀಲ ಹೊತ್ತು ನಡೆದೆವು. ಬೆಟ್ಟ ಹತ್ತಲು ರಾಸ್ ಅಲ್ ಖೈಮಾದ ಜೆಬೆಲ್ ಜೈಸ್‌ಗೆ ಹೋಗುತ್ತಿದ್ದೆವು. ಐದು ತಿಂಗಳು ಶುಕ್ರವಾರ ಅಂದರೆ ಇದೇ ಕೆಲಸ.

ಊಟದ್ದೇ ಒಂದು ದೊಡ್ಡ ಕಥೆ. ದಿನಕ್ಕೆ ಕನಿಷ್ಠ 2000 ಕ್ಯಾಲೊರಿ, ಏಳು ದಿನಕ್ಕೆ 14,000 ತೋರಿಸಬೇಕು. ಅಮ್ಮ ಊರಿಂದ ಹುರಿಹಿಟ್ಟು ಕಳಿಸಿದ್ದಳು. ಆದರೆ ಮನೆಯ ಹುರಿಹಿಟ್ಟಿಗೆ ಕ್ಯಾಲೊರಿ ಚೀಟಿ ಎಲ್ಲಿಂದ ತರೋದು? ಕೊನೆಗೆ ಅಂಗಡಿಯ ಅವಲಕ್ಕಿ, ಶೇಂಗಾ ಚಿಕ್ಕಿ ತಂದು, ಪ್ಯಾಕೆಟ್ ಮೇಲಿನ ಚೀಟಿ ಕತ್ತರಿಸಿ ಒಂದೊಂದು ಪೊಟ್ಟಣಕ್ಕೂ ಅಂಟಿಸಿದೆ. ಅವಲಕ್ಕಿಗೆ ಬೆಂಕಿ ಬೇಡ, ನೀರು ಚಿಮುಕಿಸಿದರೆ ಸಾಕು. ಚಟ್ನಿಪುಡಿಯನ್ನು ಲೆಕ್ಕಕ್ಕೇ ಹಿಡಿಯದೆ ಒಂದು ಮೂಲೆಯಲ್ಲಿ ತುರುಕಿದೆ.

ತಪ್ಪು ಮಾಡಿದ್ದು ಶೂನಲ್ಲಿ. ಮರಳು ಒಳಗೆ ನುಗ್ಗದ ಹಾಗೆ ಶೂ ಮೇಲೆ ಪ್ಯಾರಾಚೂಟ್ ಬಟ್ಟೆಯ ಕವಚ ಹಾಕುತ್ತಾರೆ. ಅದು ಕೂರಬೇಕಾದರೆ ಅಡಿಯ ಸುತ್ತ ವೆಲ್ಕ್ರೋ ಪಟ್ಟಿ ಬೇಕು. ಹೊಲಿಸಬೇಕು, ಬರೀ ಅಂಟಿಸಬಾರದು ಅಂತ ಅನುಭವಸ್ಥರೆಲ್ಲ ಹೇಳಿದ್ದರು. ಚಪ್ಪಲಿ ಹೊಲಿಯುವವನು ನಾಲ್ಕು ದಿನ ಬೇಕು ಅಂದ. ನನಗೆ ಅಷ್ಟು ತಾಳ್ಮೆ ಎಲ್ಲಿ? ಗಟ್ಟಿ ಅಂಟು ತಂದು ನಾನೇ ಅಂಟಿಸಿದೆ. ಉಳಿದಿಬ್ಬರು ಹೊಲಿಸಿದರು.

ಮೊದಲ ದಿನ ಏನೂ ಆಗಲಿಲ್ಲ. ಎರಡನೇ ದಿನ ಬಿಸಿಲು 45 ಡಿಗ್ರಿ ದಾಟಿತ್ತು. ಮಧ್ಯಾಹ್ನದ ಹೊತ್ತಿಗೆ ಅಂಟು ಕರಗಿ ಬಲಗಾಲಿನ ಪಟ್ಟಿ ನಾಲಿಗೆಯ ಹಾಗೆ ಜೋತುಬಿತ್ತು. ಹೇಳಲು ನಾಚಿಕೆ. ಸುಮ್ನೆ ನಡೆದೆ. ಆಮೇಲೆ ಬಂತು ಜೆಬೆಲ್ ಎಲ್ ಒತ್ಫಾಲ್. ಮರಳು, ಬಂಡೆ ಎರಡೂ ಸೇರಿದ ಕಡಿದಾದ ಬೆಟ್ಟ, ತುದಿಯಲ್ಲಿ ಹಿಡಿದು ಹತ್ತಲು ಹಗ್ಗ ಕಟ್ಟಿರುತ್ತಾರೆ. ಒಂದು ಹೆಜ್ಜೆ ಇಟ್ಟರೆ ಅರ್ಧ ಹೆಜ್ಜೆ ಕೆಳಗೆ ಜಾರುತ್ತದೆ. ಹತ್ತಿ ಇಳಿದು ಗುಡಾರಕ್ಕೆ ಬಂದು ಶೂ ಕಳಚಿದಾಗ ಹಿಮ್ಮಡಿಯ ಚರ್ಮ ಸಾಕ್ಸ್ ಜೊತೆಗೇ ಬಂತು.

ನರ್ಸ್ ನೋಡಿದಳು. ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ಮೂರನೇ ದಿನ ನಾನು ಐವತ್ತು ಮೀಟರ್ ಹಿಂದೆ, ಅವರು ಮುಂದೆ. ಪ್ರತಿ ಸಲ ಅವರು ನಿಂತು ಕಾಯುವುದು, ನಾನು "ಪರವಾಗಿಲ್ಲ, ನಡೀರಿ" ಅನ್ನುವುದು. ಒಂದು ಕಡೆ ಅವಳು ವಾಪಸ್ ಬಂದು ಹೇಳಿದಳು: "ನೀನು ಹಿಂದೆ ಇದ್ರೆ ನಾವು ನಿಂತು ನಿಂತು ಸಾಯ್ಬೇಕು. ನಡೆಯೋದಕ್ಕಿಂತ ಈ ಬಿಸಿಲಲ್ಲಿ ನಿಲ್ಲೋದು ಕಷ್ಟ. ಮುಂದೆ ಹೋಗು." ಅಲ್ಲಿಂದ ಅದೇ ನಮ್ಮ ಕ್ರಮವಾಯಿತು. ಆ ಹೊತ್ತಿಗೆ ಯಾರು ನಿಧಾನವೋ ಅವರು ಮುಂದೆ. ಮ್ಯಾರಥಾನ್ ಲೆಕ್ಕ ಹೇಳಿಕೊಂಡು ತಿರುಗುತ್ತಿದ್ದವನಿಗೆ ಹೀಗೆ ಮುಂದೆ ನಡೆಯುವುದು ಹಿಮ್ಮಡಿಗಿಂತ ಜಾಸ್ತಿ ಉರಿಯುತ್ತಿತ್ತು. ಆದರೆ ನಿಲ್ಲುವುದು ತಪ್ಪಿತು, ನೀರೂ ಉಳಿಯಿತು.

ನಾಲ್ಕನೇ ದಿನದ್ದು ಉದ್ದದ ಹಂತ, 80 ಕಿಲೋಮೀಟರ್ ದಾಟಿತ್ತು. ಕೊನೆಯವರ ಹಿಂದೆ ಎರಡು ಒಂಟೆ ಬರುತ್ತವೆ, ಅವು ನಿಮ್ಮನ್ನು ದಾಟಿದರೆ ಆಟ ಮುಗಿಯಿತು. ಮಧ್ಯಾಹ್ನ ಎರಡು ಸಲ ಅವುಗಳ ಮುಖ ಸ್ಪಷ್ಟವಾಗಿ ಕಂಡಿತು. ಕತ್ತಲಾದ ಮೇಲೆ ಎಲ್ಲರ ಚೀಲಕ್ಕೂ ಹೊಳೆಯುವ ಹಸಿರು ಕಡ್ಡಿ. ಮುಂದಿನ ತಪಾಸಣಾ ಜಾಗದಿಂದ ಲೇಸರ್ ಬೆಳಕು. ಅದು ಪಕ್ಕದಲ್ಲೇ ಇದೆ ಅನಿಸುತ್ತದೆ, ಎರಡು ಗಂಟೆ ನಡೆದರೂ ಬರುವುದಿಲ್ಲ. 1994ರಲ್ಲಿ ಮೌರೊ ಪ್ರೊಸ್ಪೆರಿ ಎಂಬ ಇಟಲಿಯವನು ಮರಳು ಬಿರುಗಾಳಿಯಲ್ಲಿ ದಾರಿ ತಪ್ಪಿ, ಬಾವಲಿ ರಕ್ತ ಕುಡಿದು ಬದುಕಿ, ಅಲ್ಜೀರಿಯಾದಲ್ಲಿ ಸಿಕ್ಕಿದ ಕಥೆಯನ್ನು ಗುಡಾರದಲ್ಲಿ ಯಾರೋ ಹೇಳಿದ್ದರು. ರಾತ್ರಿ ಒಂದು ಗಂಟೆಗೆ ನೆನಪಾಗಬಾರದ ಕಥೆ ಅದು.

ಅಷ್ಟರಲ್ಲಿ ಮಂಗಳೂರಿನವನು ವಾಂತಿ ಶುರು ಮಾಡಿದ. ಓಟಗಾರರು ಶಕ್ತಿಗೆ ತಿನ್ನುವ ಸಿಹಿ ಜೆಲ್ ಬಾಯಿಗಿಟ್ಟರೆ ಹೊರಗೆ. ಮರಳಲ್ಲಿ ಕುಳಿತೇಬಿಟ್ಟ. ನರ್ಸ್ ಗಡಿಯಾರ ನೋಡಿ ಇಪ್ಪತ್ತು ನಿಮಿಷ ಮಲಗಲು ಬಿಟ್ಟಳು. ಎದ್ದ ಮೇಲೆ ನಾನು ಅವಲಕ್ಕಿ ನೆನೆಸಿ, ಚಟ್ನಿಪುಡಿ ಕಲಸಿ ಕೊಟ್ಟೆ. ಉಪ್ಪು ಖಾರ ನಾಲಿಗೆಗೆ ತಾಗಿದ್ದೇ ತಡ, "ಇದನ್ನ ಇಷ್ಟು ದಿನ ಯಾಕೋ ಬಚ್ಚಿಟ್ಟಿದ್ದೆ?" ಅಂದ. ಈಗ ಮುಂದೆ ಅವನು, ಹಿಂದೆ ನಾವು.

ಬೆಳಕು ಹರಿಯುವಾಗ ಅದೇ ಸಾಲಿನಲ್ಲಿ ಆ ಹಂತದ ಕೊನೆಯ ಗೆರೆ ದಾಟಿದೆವು. ಕೈಗೆ ಬಿಸಿ ಪುದೀನ ಚಹಾ ಕೊಟ್ಟರು. ಉಳಿದ ಎರಡು ಹಂತಗಳನ್ನು ಕಾಲಿಗೆ ಟೇಪು ಸುತ್ತಿಕೊಂಡು ಮುಗಿಸಿದೆವು, ಹೇಳುವಂಥದ್ದು ಏನೂ ನಡೆಯಲಿಲ್ಲ.

ದುಬೈಗೆ ಬಂದ ವಾರ ಆ ಶೂ ಹಿಡಿದು ಚಪ್ಪಲಿ ಹೊಲಿಯುವವನ ಹತ್ತಿರ ಹೋದೆ. ಅವನು ತಿರುಗಿಸಿ ನೋಡಿ, ಒಳಗಿಂದ ಒಂದು ಹಿಡಿ ಮರಳು ಕೆಳಗೆ ಸುರಿದ. "ನಾಲ್ಕು ದಿನ ಆಗುತ್ತೆ" ಅಂದ. ಆಗಲಿ ಅಂದೆ.