ನಿಮ್ಮ ಮಟ್ಟಕ್ಕೆ ಒಪ್ಪುವ ಚೆಸ್ ಓಪನಿಂಗ್

ಓಪನಿಂಗ್, ಅಂದರೆ ಆಟದ ಆರಂಭದ ನಡೆಗಳ ಕ್ರಮವನ್ನು, ಆರಿಸುವ ಮೊದಲು ನೀವು ಇತ್ತೀಚೆಗೆ ಸೋತ ಇಪ್ಪತ್ತು ಆಟಗಳನ್ನು ಮತ್ತೆ ನೋಡಿ, ಪ್ರತಿಯೊಂದರಲ್ಲೂ ಆಟ ಎಷ್ಟನೆಯ ನಡೆಯಲ್ಲಿ, ಯಾವ ಕಾರಣಕ್ಕೆ ಕೈತಪ್ಪಿತು ಎಂಬುದನ್ನು ಒಂದೊಂದು ಸಾಲಿನಲ್ಲಿ ಬರೆದುಕೊಳ್ಳಿ. ಕುದುರೆಯನ್ನೋ ಒಂಟೆಯನ್ನೋ ಪುಕ್ಕಟೆಯಾಗಿ ಬಿಟ್ಟುಕೊಟ್ಟ ಆಟಗಳೇ ಹೆಚ್ಚಿದ್ದರೆ ಹದಿನೈದು ನಡೆಗಳನ್ನು ಬಾಯಿಪಾಠ ಮಾಡಿ ಪ್ರಯೋಜನವಿಲ್ಲ. ಕಾಯಿಗಳು ಸಹಜವಾದ ಮನೆಗಳಿಗೆ ಬಂದು ನಿಲ್ಲುವ, ಒಂದು ನಡೆ ಮರೆತರೂ ಆಟ ಕುಸಿಯದ ಓಪನಿಂಗ್ ನಿಮಗೆ ಬೇಕು. ರೇಟಿಂಗ್ ಸಂಖ್ಯೆಯೊಂದನ್ನೇ ನೆಚ್ಚಬೇಡಿ. 2024ರ ಮಾರ್ಚ್‌ನಿಂದ ಫಿಡೆ (ಅಂತರರಾಷ್ಟ್ರೀಯ ಚೆಸ್ ಒಕ್ಕೂಟ) ರೇಟಿಂಗ್ 1400ಕ್ಕಿಂತ ಕೆಳಗೆ ಇರುವುದಿಲ್ಲವಾದ್ದರಿಂದ, ಮೊಬೈಲ್ ಆಟದ 1000 ಅನ್ನು ಅದರೊಡನೆ ಹೋಲಿಸಲಾಗದು.

ಹೊಸಬರಿಗೆ ನಾನು ಹೇಳುವುದು ಇಟಾಲಿಯನ್ ಓಪನಿಂಗ್. ಎರಡೂ ಕಡೆಯ ರಾಜನ ಕಾಲಾಳುಗಳು ಇ4, ಇ5 ಮನೆಗಳಿಗೆ (ಅಕ್ಷರ ಉದ್ದಸಾಲನ್ನು, ಅಂಕಿ ಅಡ್ಡಸಾಲನ್ನು ಸೂಚಿಸುತ್ತದೆ) ಬಂದು, ಕುದುರೆಗಳು ಎಫ್3 ಮತ್ತು ಸಿ6ಕ್ಕೆ ಇಳಿದ ಮೇಲೆ, ಬಿಳಿಯ ಒಂಟೆ ಸಿ4ರಲ್ಲಿ ನಿಂತು ಎಫ್7ರ ಮೇಲೆ ಕಣ್ಣಿಡುತ್ತದೆ. ಆ ಮನೆಗೆ ಆರಂಭದಲ್ಲಿ ರಾಜನೊಬ್ಬನದೇ ಕಾವಲು. ಕಪ್ಪು ಆಡುವವರು ಒಂಟೆಯನ್ನು ಸಿ5ಕ್ಕೆ ತಂದರೆ ಆಟ ಶಾಂತವಾಗಿ ಸಾಗುತ್ತದೆ. ಬದಲಿಗೆ ಕುದುರೆಯನ್ನು ಎಫ್6ಕ್ಕೆ ತಂದರೆ, ಬಿಳಿಯ ಕುದುರೆ ಜಿ5ಕ್ಕೆ ನುಗ್ಗುವುದನ್ನು ಎದುರಿಸಲು ಸಿದ್ಧರಿರಬೇಕು: ಕಾಲಾಳನ್ನು ಡಿ5ಕ್ಕೆ ನೂಕಿ, ಬಿಳಿ ಅದನ್ನು ಹೊಡೆದಾಗ ಕುದುರೆಯಿಂದ ಮರುಹೊಡೆಯುವುದು ಸಹಜವೆಂದು ತೋರುತ್ತದೆ, ಆದರೆ ಆಗ ಬಿಳಿ ಎಫ್7ರಲ್ಲಿ ಕುದುರೆಯನ್ನೇ ಬಲಿಕೊಟ್ಟು ರಾಜನನ್ನು ನಡುಬಯಲಿಗೆ ಎಳೆದು ತರುತ್ತದೆ. ಸಿ6ರ ಕುದುರೆಯನ್ನು ಎ5ಕ್ಕೆ ತಂದು ಒಂಟೆಯ ಮೇಲೆ ದಾಳಿ ಮಾಡುವುದೇ ಸರಿಯಾದ ಉತ್ತರ. ಇಟಾಲಿಯನ್ ಅನ್ನು ಎಳೆಯರ ಓಪನಿಂಗ್ ಎಂದು ಹಗುರವಾಗಿ ಕಾಣಬೇಕಿಲ್ಲ. 2024ರ ವಿಶ್ವ ಚಾಂಪಿಯನ್‌ಷಿಪ್‌ನ ಎರಡನೆಯ ಆಟದಲ್ಲಿ ಡಿಂಗ್ ಲಿರೆನ್ ಮತ್ತು ಗುಕೇಶ್ ಆಡಿದ್ದೂ ಇದನ್ನೇ. ಎರಡನೆಯ ನಡೆಗೇ ಮಂತ್ರಿಯನ್ನು ಎಚ್5ಕ್ಕೆ ಕಳಿಸುವ ಚಾಳಿಯನ್ನು ಮಾತ್ರ ಬಿಡಿ: ಎದುರಾಳಿ ಜಿ6 (ಬರೀ ಮನೆಯ ಹೆಸರಿದ್ದರೆ ಕಾಲಾಳಿನ ನಡೆ) ಆಡಲು ಕಲಿತ ದಿನವೇ ಆ ಮಂತ್ರಿ ಮನೆಯಿಂದ ಮನೆಗೆ ಅಲೆಯತೊಡಗುತ್ತದೆ.

ಓದಲು ಬಿಡುವಿಲ್ಲದವರಿಗೆ ಲಂಡನ್ ಸಿಸ್ಟಮ್ ಇದೆ. ಡಿ4, ಎಫ್4ರಲ್ಲಿ ಒಂಟೆ, ಇ3, ಸಿ3 ಎಂಬ ವ್ಯೂಹವನ್ನು ಬಹುಪಾಲು ಯಾವ ಉತ್ತರದ ಎದುರೂ ಕಟ್ಟಬಹುದು. ಆದರೂ ಎದುರಾಳಿ ಬೇಗನೆ ಸಿ5 ಆಡಿ ಮಂತ್ರಿಯನ್ನು ಬಿ6ಕ್ಕೆ ತಂದರೆ, ಒಂಟೆ ಬಿಟ್ಟುಹೋದ ಬಿ2 ಕಾಲಾಳು ದುರ್ಬಲವಾಗುತ್ತದೆ; ಯೋಚಿಸದೆ ವ್ಯೂಹ ಕಟ್ಟುವವರು ಎಡವುವುದು ಇಲ್ಲೇ. ವರ್ಷಗಟ್ಟಲೆ ಇದೊಂದನ್ನೇ ಆಡಿದರೆ ಬೇರೆ ಬಗೆಯ ಸ್ಥಿತಿಗಳ ಪರಿಚಯವೇ ಆಗದು.

ಕಪ್ಪಿಗೆ ಇ4ರ ಎದುರು ಒಂದು, ಡಿ4ರ ಎದುರು ಒಂದು ಉತ್ತರವಿದ್ದರೆ ಸಾಕು. ಸೋತ ಆಟಗಳಲ್ಲಿ ಮೊದಲ ಹತ್ತು ನಡೆಗಳೊಳಗೇ ಮುಗಿದವು ಹೆಚ್ಚಿದ್ದರೆ ಕಾರೊ-ಕಾನ್ ಆರಿಸಿಕೊಳ್ಳಿ. ಸಿ6 ಆಡಿ, ಮರುನಡೆಗೆ ಡಿ5 ಆಡುವ ಈ ರಕ್ಷಣೆಯಲ್ಲಿ, ಬಿಳಿ ಇ5ಕ್ಕೆ ಮುನ್ನುಗ್ಗಿದರೆ ಸಿ8ರ ಒಂಟೆ ಎಫ್5ಕ್ಕೆ ಹೊರಬರಬಲ್ಲದು. ಫ್ರೆಂಚ್ ರಕ್ಷಣೆಯಲ್ಲಾದರೋ ಅದೇ ಒಂಟೆ ಇ6ರ ಕಾಲಾಳಿನ ಹಿಂದೆ ಬಹಳ ಹೊತ್ತು ಸೆರೆಯಾಗಿರುತ್ತದೆ. ಡಿ4ರ ಎದುರು ಡಿ5, ನಂತರ ಇ6 ಆಡುವ ಕ್ವೀನ್ಸ್ ಗ್ಯಾಂಬಿಟ್ ಡಿಕ್ಲೈನ್ಡ್ ಗಟ್ಟಿಯಾದುದು.

ಮಾಜಿ ವಿಶ್ವ ಚಾಂಪಿಯನ್ ಕಾಸ್ಪರೋವ್ ಮೆಚ್ಚಿ ಆಡಿದ, ಇ4ರ ಎದುರು ಸಿ5ರಿಂದ ಶುರುವಾಗುವ ಸಿಸಿಲಿಯನ್ ನಾಯ್ಡಾರ್ಫ್ ಎಲ್ಲರನ್ನೂ ಸೆಳೆಯುತ್ತದೆ. ಆದರೆ ಅದರ ಹರಿತವಾದ ಕವಲುಗಳಲ್ಲಿ ಒಂದು ನಡೆಯ ಕ್ರಮ ತಪ್ಪಿದರೂ ರಾಜನ ಮೇಲೆ ನೇರ ದಾಳಿಯಾಗುವುದರಿಂದ, ಬಲಿ ಮತ್ತು ಪ್ರತಿಬಲಿಗಳನ್ನು ಮೂರು ನಾಲ್ಕು ನಡೆ ಮುಂದಕ್ಕೆ ತಪ್ಪಿಲ್ಲದೆ ಲೆಕ್ಕಹಾಕಲು ಬರುವವರೆಗೆ ಅದನ್ನು ಮುಂದೂಡುವುದು ಮೇಲು.

ಆರಿಸಿದ್ದನ್ನು ಕನಿಷ್ಠ ನಲವತ್ತು ಆಟಗಳವರೆಗೆ ಬದಲಿಸಬೇಡಿ. ಪ್ರತಿ ಆಟದ ನಂತರ, ನಿಮಗೆ ಗೊತ್ತಿದ್ದ ದಾರಿ ಯಾವ ನಡೆಯಲ್ಲಿ ಮುಗಿಯಿತೋ ಅಲ್ಲಿ ಸರಿಯಾದ ನಡೆ ಯಾವುದಿತ್ತೆಂದು ನೋಡಿ, ಅದೊಂದನ್ನು ಮಾತ್ರ ನಿಮ್ಮ ಟಿಪ್ಪಣಿ ಪುಸ್ತಕದಲ್ಲಿ ಸೇರಿಸಿಕೊಳ್ಳಿ.